ಆಡು ಕೊಟ್ಟ ಹೆಸರು

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬುದು ಕನ್ನಡಿಗರ ಬಾಯಲ್ಲಿ ಸದಾ ಓಡಾಡುವ ಗಾದೆ. ಎಲ್ಲ ಪ್ರಕಾರಗಳಲ್ಲೂ ಕೈಯಾಡಿಸಿದ ಸಾಹಿತಿಯನ್ನು ಹೊಗಳುವಾಗಲೂ ಇದೇ ಗಾದೆ, ಎಲ್ಲ ಕಡೆ ಮೂಗು ತೂರಿಸುವವನನ್ನು ಬಯ್ಯುವಾಗಲೂ ಇದೇ. ಈ ಗಾದೆ ಕಟ್ಟಿದ ಜನವೇ ಒಂದು ಗಿಡವನ್ನು ಬೇಲಿಗೆ ನೆಟ್ಟು ‘ಆಡುಮುಟ್ಟದ ಸೊಪ್ಪು’ ಎಂದು ಕರೆದರು. ಗಾದೆಗೂ ಹೆಸರಿಗೂ ಜಗಳವೇನಿಲ್ಲ. ಯಾವ ಸೊಪ್ಪನ್ನೂ ಬಿಡದ ಪ್ರಾಣಿ ಒಂದೇ ಒಂದನ್ನು ಮೂಸಿ ನೋಡಿ ಮುಂದಕ್ಕೆ ಹೋಯಿತೆಂದರೆ, ಮೇಕೆ ಕಾಯುವವರಿಗೆ ಆ ಗಿಡದ ಬಗ್ಗೆ ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿಲ್ಲ. ಆ ಗಿಡವೇ ಆಡುಸೋಗೆ.

ಮೈಸೂರಿನ ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸಿದವರು ಪಕ್ಕದ ಜಾಗಕ್ಕೆ ಯಾವ ಗಿಡ ಹಾಕೋಣ ಎಂದು ಕೇಳಿದಾಗ ನಾನು ಮೊದಲು ಹೇಳುವ ಹೆಸರು ಇದು. ಮೂವತ್ತು–ನಲವತ್ತರ ಸೈಟು, ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಮೂರು–ನಾಲ್ಕಡಿ ಜಾಗ, ಅತ್ತ ಪಕ್ಕದವರ ಎರಡಂತಸ್ತು. ಬಿಸಿಲು ಬೆಳಗ್ಗೆ ಒಂದಷ್ಟು ಹೊತ್ತು ಬಂದು ಹೋಗುತ್ತದೆ, ಉಳಿದ ಹೊತ್ತೆಲ್ಲ ನೆರಳು. ‘ನೆರಳಿಗೆ ಏನಾದರೂ ಕೊಡಿ’ ಎಂದು ನರ್ಸರಿಯಲ್ಲಿ ಕೇಳಿದರೆ ಅಮೆರಿಕದ ಉಷ್ಣವಲಯದಿಂದ ಬಂದ ಸಿಂಗೋನಿಯಂ, ಡಂಬ್‌ಕೇನ್, ಆಫ್ರಿಕದ ಡ್ರಸೀನಾ ಕಡೆಗೆ ಕೈ ತೋರಿಸುತ್ತಾರೆ. ಚೆಲುವಾದ ಗಿಡಗಳೇ. ಆದರೆ ಈ ನೆಲದ್ದೇ ಆದ, ಅರೆನೆರಳಿನಲ್ಲಿ ಆರಾಮವಾಗಿ ಬಾಳುವ ಪೊದೆಗಿಡಗಳು ನಮ್ಮಲ್ಲಿ ಇಲ್ಲವೆಂದಲ್ಲ. ಮುಡಿಯಲು ಹೂ ಬೇಕೆನ್ನುವವರಿಗೆ ಕನಕಾಂಬರವಿದೆ; ಮರಗಳ ಅಡಿಯ ನೆರಳೇ ಅದರ ತವರು. ಆಳೆತ್ತರದ ಹಸಿರು ಮರೆ ಬೇಕೆನ್ನುವವರಿಗೆ ಆಡುಸೋಗೆ. ಕನಕಾಂಬರದಷ್ಟು ನೆರಳು ಇದಕ್ಕೆ ಹಿಡಿಸದು. ಮೂರು–ನಾಲ್ಕು ಗಂಟೆಯ ಎಳೆಬಿಸಿಲು ಸಿಕ್ಕರೆ ಹೂವೂ ಬಿಡುತ್ತದೆ. ಪೂರ್ತಿ ಕತ್ತಲಿನ ಮೂಲೆಯಲ್ಲಿ ಬೆಳಕು ಹುಡುಕುತ್ತ ಸೊರಗಿ ಉದ್ದವಾಗುತ್ತದೆ.

ಹೆಸರಿನ ಕಡೆಗೆ ಬರೋಣ. ತಮಿಳಿನಲ್ಲಿ ಈ ಗಿಡ ‘ಆಡಾತೊಡೈ’. ಅಲ್ಲಿನವರೂ ಇದನ್ನು ‘ಆಡು ತೊಡದ ಎಲೆ’ ಎಂದೇ ಬಿಡಿಸುತ್ತಾರೆ. ತಮಿಳಿನ ‘ತೊಡು’ ಎಂದರೆ ಮುಟ್ಟು. ಕನ್ನಡದಲ್ಲಿ ಅದೇ ಕ್ರಿಯಾಪದ ಮೈಗೆ ಹತ್ತಿಕೊಂಡು ಬಟ್ಟೆ ತೊಡುವ, ಒಡವೆ ತೊಡುವ ಮಾತಾಗಿ ಉಳಿಯಿತು. ಬರಿಯ ಮುಟ್ಟುವಿಕೆಗೆ ನಾವು ‘ಮುಟ್ಟು’ವನ್ನು ಇಟ್ಟುಕೊಂಡೆವು. ಹಾಗಾಗಿ ‘ಆಡುಮುಟ್ಟದ ಸೊಪ್ಪು’ ಎಂಬುದು ‘ಆಡಾತೊಡೈ’ಯ ಅಚ್ಚಕನ್ನಡ ಜೋಡಿ. ಸಿಂಹಳದಲ್ಲಿ ‘ಆಡತೋಡಾ’. ಮಲಯಾಳದಲ್ಲಿ ‘ಆಡಲೋಡಗಂ’ ಎನ್ನುವಷ್ಟರಲ್ಲಿ ಆಡು ಅರ್ಧ ಮರೆಯಾಗಿದೆ. ಇಂದಿನ ಮಲಯಾಳಿ ಕಿವಿಗೆ ಆ ಹೆಸರಿನಲ್ಲಿ ಮುಟ್ಟುವ ಮಾತು ಕೇಳಿಸುವುದಿಲ್ಲ. ‘ಆಡು’ ಎಂಬ ಪ್ರಾಣಿಯ ಹೆಸರೂ ಎಳೆಯದಲ್ಲ. ಸಂಗಂ ಕಾಲದ ತಮಿಳಿನಲ್ಲಿ ಅದು ‘ಯಾಡು’, ತೆಲುಗಿನಲ್ಲಿ ‘ಏಟ’. ದ್ರಾವಿಡ ನುಡಿಗಳು ಒಟ್ಟಿಗಿದ್ದ ಕಾಲದಿಂದ ಮಂದೆಯ ಜೊತೆ ನಡೆದು ಬಂದ ಪದ ಅದು.

ಬಡಗಣದ ಕಡೆ ಹೋದರೆ ಆಡು ಕಾಣುವುದಿಲ್ಲ, ಆದರೆ ಹೆಸರಿನ ಸದ್ದು ಅದೇ. ಮರಾಠಿಯಲ್ಲಿ ‘ಅಡುಳಸಾ’, ಹಿಂದಿಯಲ್ಲಿ ‘ಅಡೂಸಾ’, ಗುಜರಾತಿಯಲ್ಲಿ ‘ಅರಡೂಸಿ’, ನೇಪಾಳಿಯಲ್ಲಿ ‘ಅಸುರೋ’. ಇವೆಲ್ಲಕ್ಕೂ ಹಿಂದೆ ಸಂಸ್ಕೃತದ ‘ಅಟರೂಷ’, ‘ಆಟರೂಷಕ’ ನಿಂತಿವೆ. ಟಕಾರ ಡಕಾರವಾಗಿ, ಷಕಾರ ಸಕಾರವಾಗಿ, ನಡುವಿನ ರೇಫ ಕೆಲವೆಡೆ ಉಳಿದು ಕೆಲವೆಡೆ ಕರಗಿ ಆದ ರೂಪಗಳು. ಗುಜರಾತಿ ಆ ರೇಫವನ್ನು ಜೋಪಾನ ಮಾಡಿ ಸ್ಥಾನ ಬದಲಿಸಿ ಇಟ್ಟುಕೊಂಡಿದೆ.

ಈಗ ಕನ್ನಡದ ‘ಆಡುಸೋಗೆ’ಯನ್ನು ಈ ಎರಡು ಸಾಲುಗಳ ನಡುವೆ ಇಟ್ಟು ನೋಡಬೇಕು. ಪದದ ಮೊದಲರ್ಧ ತೆಂಕಣದ್ದು: ಕೇಳಿದ ಕೂಡಲೇ ಆಡು ಎದುರಿಗೆ ಬರುತ್ತದೆ. ಎರಡನೆಯ ಅರ್ಧದಲ್ಲಿ ತಮಿಳಿನ ತಕಾರವಿಲ್ಲ, ಬಡಗಣದ ಸಕಾರವಿದೆ. ಕೊನೆಯ ‘ಗೆ’ ಇನ್ನೂ ಒಂದು ಸುಳಿವು ಕೊಡುತ್ತದೆ. ‘ಕ’ದಿಂದಲೋ ‘ಕಾ’ದಿಂದಲೋ ಮುಗಿಯುವ ಸಂಸ್ಕೃತದ ಗಿಡದ ಹೆಸರುಗಳನ್ನು ಕನ್ನಡ ತನ್ನದಾಗಿಸಿಕೊಂಡಾಗ ಬಾಲಕ್ಕೆ ‘ಗೆ’ ಬರುವುದು ವಾಡಿಕೆ: ಮಲ್ಲಿಕಾ ಮಲ್ಲಿಗೆಯಾಯಿತು, ಚಂಪಕ ಸಂಪಿಗೆಯಾಯಿತು. ಆಟರೂಷಕವೂ ಅದೇ ದಾರಿಯಲ್ಲಿ ಸವೆಯುತ್ತ ಬಂದು ‘ಆಡುಸೋಗೆ’ಯಾಗಿದೆ ಎಂದೇ ನನ್ನ ಓದು. ಬಂದ ಪದದ ಮುಂಭಾಗದಲ್ಲಿ ಆಡಿನ ಸದ್ದು ಕೇಳಿದ ಕನ್ನಡದ ಕಿವಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹಿಂಭಾಗದಲ್ಲಿ ತನಗೆ ಗೊತ್ತಿದ್ದ ‘ಸೋಗೆ’ಯನ್ನು ಕೇಳಿಸಿಕೊಂಡಿತು.

ಸೋಗೆ ಎಂದರೆ ನವಿಲಿನ ಗರಿಯ ಗೊಂಚಲು. ಅಡಕೆ, ತೆಂಗು, ಕಬ್ಬುಗಳ ಉದ್ದನೆಯ ಗರಿ. ಮಲೆನಾಡಿನ ಸೋಗೆಮನೆಗಳ ಹೊದಿಕೆ ಅದೇ. ಆಡುಸೋಗೆಯ ಎಲೆ ಅಂಥದ್ದಲ್ಲ. ಗೆಣ್ಣಿಗೆರಡರಂತೆ ಎದುರುಬದುರು ಹುಟ್ಟುವ, ಒಂದು ಗೇಣಿನ ಆಸುಪಾಸು ಉದ್ದದ, ಎರಡೂ ತುದಿ ಚೂಪಾದ ಸಾದಾ ಎಲೆ. ಅದನ್ನು ನೋಡಿ ಯಾರೂ ಸೋಗೆ ಎನ್ನಲಾರರು. ಹೆಸರಿನೊಳಗಿನ ಸೋಗೆ ಕಣ್ಣು ಕಂಡದ್ದಲ್ಲ, ಕಿವಿ ಕಂಡದ್ದು ಎನ್ನುವುದಕ್ಕೆ ನನಗೆ ಇದೇ ಸಾಕ್ಷಿ. ಆಡಿನ ವಿಷಯ ಹಾಗಲ್ಲ. ಅದು ಕಿವಿಗೆ ಕೇಳಿದ್ದೂ ಹೌದು, ಹೊಲದ ಅಂಚಿನಲ್ಲಿ ದಿನವೂ ಕಂಡದ್ದೂ ಹೌದು. ಅದಕ್ಕೇ ಅದು ಗಟ್ಟಿಯಾಗಿ ನಿಂತಿತು. ಅರ್ಥ ಸಾಲದು ಎನಿಸಿದ ಕಡೆ ಜನ ಪೂರ್ತಿ ಬಿಡಿಸಿ ‘ಆಡುಮುಟ್ಟದ ಸೊಪ್ಪು’ ಎಂದರು.

ಸಂಸ್ಕೃತದ ಪಂಡಿತರು ಇದೇ ಗಿಡದಲ್ಲಿ ಬೇರೆ ಪ್ರಾಣಿಗಳನ್ನು ಕಂಡರು. ಅಮರಕೋಶದ ವನೌಷಧಿವರ್ಗದಲ್ಲಿ ಇದರ ಹೆಸರುಗಳ ಸಾಲೇ ಇದೆ: ವೈದ್ಯಮಾತೃ, ಸಿಂಹೀ, ವಾಶಿಕಾ, ವೃಷ, ಅಟರೂಷ, ಸಿಂಹಾಸ್ಯ, ವಾಸಕ, ವಾಜಿದಂತಕ. ವೃಷವೆಂದರೆ ಗೂಳಿ, ಸಿಂಹಾಸ್ಯವೆಂದರೆ ಸಿಂಹದ ಮೋರೆಯದು, ವಾಜಿದಂತಕವೆಂದರೆ ಕುದುರೆಯ ಹಲ್ಲಿನದು. ಗೂಳಿ, ಸಿಂಹ, ಕುದುರೆ: ಎಲ್ಲವೂ ಅರಮನೆಯ ಬಾಗಿಲಿಗೆ ಒಪ್ಪುವ ಪ್ರಾಣಿಗಳು. ಬಡವರ ಹಟ್ಟಿಯ ಆಡಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಒಂದು ಹೆಸರು ಕೋಶದಲ್ಲಿ ಹುಟ್ಟಿತೋ ಹೊಲದಲ್ಲಿ ಹುಟ್ಟಿತೋ ಎಂದು ತಿಳಿಯಲು ಅದರೊಳಗೆ ಯಾವ ಪ್ರಾಣಿ ಇದೆ ಎಂದು ನೋಡಿದರೆ ಎಷ್ಟೋ ಸಲ ಸಾಕಾಗುತ್ತದೆ.

ಆದರೂ ಸಿಂಹಾಸ್ಯ ಬರಿಯ ಅಲಂಕಾರವಲ್ಲ. ಚಳಿಗಾಲದಲ್ಲಿ ಹೂ ಬಿಟ್ಟಾಗ ತೆನೆಯಂಥ ಗೊಂಚಲಿನ ಪಕ್ಕ ಕೂತು ಒಂದು ಹೂವನ್ನು ಪಕ್ಕದಿಂದ ನೋಡಿ. ಬಿಳಿಯ ಹೂವು ಎರಡು ತುಟಿಯಾಗಿ ಸೀಳಿರುತ್ತದೆ. ಮೇಲ್ತುಟಿ ಮುಂದಕ್ಕೆ ಬಾಗಿರುತ್ತದೆ. ಅದರ ಮರೆಯಲ್ಲಿ ಎರಡೇ ಎರಡು ಕೇಸರ. ಕೆಳತುಟಿ ಮೂರು ಸೀಳಾಗಿ ಜೋತುಬಿದ್ದು, ಅದರ ಮೇಲೆ ನೇರಳೆ–ಗುಲಾಬಿ ಗೆರೆಗಳು ಗಂಟಲಿನೊಳಕ್ಕೆ ಓಡುತ್ತವೆ. ಬಾಯಿ ತೆರೆದ ಮೃಗದ ಮೋರೆ ಎಂದು ಯಾರೋ ಹಿಂದೆ ಹೀಗೇ ಕೂತು ನೋಡಿಯೇ ಹೇಳಿರಬೇಕು. ಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ ಬಂದು ಆ ಕೆಳತುಟಿಯ ಮೇಲೆ ಇಳಿದು ಗಂಟಲಿಗೆ ತಲೆ ತೂರಿಸಿದಾಗ ಮೇಲಿನ ಕೇಸರಗಳು ಅದರ ಬೆನ್ನಿಗೆ ತಾಗಿ ಪರಾಗ ಹತ್ತುತ್ತದೆ. ಇನ್ನೊಂದು ಹೂವಿಗೆ ಹೋದಾಗ ಅದೇ ಬೆನ್ನು ಅಲ್ಲಿನ ಶಲಾಕೆಗೆ ಸವರುತ್ತದೆ. ಗೆರೆಗಳು ದುಂಬಿಗೆ ದಾರಿ ತೋರುವುದಕ್ಕೆ. ಅಷ್ಟು ಸಣ್ಣ ಹೂವಿನಲ್ಲಿ ಅಷ್ಟೊಂದು ಲೆಕ್ಕಾಚಾರ.

ಅಮರಕೋಶದ ಸಾಲಿನಲ್ಲಿ ನನಗೆ ಬಹಳ ಇಷ್ಟವಾದದ್ದು ‘ವೈದ್ಯಮಾತೃ’. ವೈದ್ಯನ ತಾಯಿ. ಕೆಮ್ಮು, ಉಬ್ಬಸ, ಕಫದಲ್ಲಿ ರಕ್ತ ಬೀಳುವ ರೋಗಗಳಿಗೆ ವಾಸಾ, ಎಂದರೆ ಆಡುಸೋಗೆ, ಇರುವಾಗ ರೋಗಿ ಎದೆಗುಂದಬೇಕಿಲ್ಲ ಎಂಬ ಅರ್ಥದ ಮಾತು ಆಯುರ್ವೇದದಲ್ಲಿ ಹೆಸರುವಾಸಿ. ವಾಸಾವಲೇಹ, ವಾಸಾರಿಷ್ಟಗಳು ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಈ ಸೊಪ್ಪು ತಿಂದರೆ ಹಾಡದ ನಾಲಗೆಯೂ ಹಾಡೀತು ಎನ್ನುವುದು ತಮಿಳರ ಗಾದೆ. ಮನೆಯಲ್ಲಿ ಇದರ ರಸ ತೆಗೆಯುವವರಿಗೆ ಗೊತ್ತಿರುವ ಒಂದು ವಿಷಯ: ಹಸಿ ಎಲೆಯನ್ನು ಎಷ್ಟು ಜಜ್ಜಿ ಹಿಂಡಿದರೂ ರಸ ಹೆಚ್ಚು ಬರದು. ಹೆಂಚಿನ ಮೇಲೆ ಬಾಡಿಸಿ, ಬಿಸಿಯಿರುವಾಗಲೇ ಹಿಂಡಬೇಕು. ಆಯುರ್ವೇದದ ಪುಟಪಾಕದ ವಿಧಾನ ಹೇಳುವುದೂ ಇದನ್ನೇ. ಆ ರಸಕ್ಕೆ ಜೇನು, ಕಾಳುಮೆಣಸಿನ ಪುಡಿ ಸೇರಿಸುವುದು ರೂಢಿ. ಬಸುರಿಯರು ಇದನ್ನು ಸೇವಿಸಲೇಬಾರದು. ಇದರ ಸತ್ವಕ್ಕೆ ಗರ್ಭಕೋಶವನ್ನು ಹಿಂಡುವ ಗುಣವಿದೆ. ಉಳಿದವರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳುವುದು ಒಳ್ಳೆಯದು.

ದಕ್ಷಿಣದ ಆಡು ಹಡಗು ಹತ್ತಿದ್ದು ಹದಿನೇಳನೆಯ ಶತಮಾನದಲ್ಲಿ. ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ 1670ರ ದಶಕದಲ್ಲಿ ಸಿಲೋನಿನಲ್ಲಿದ್ದ ಪಾಲ್ ಹರ್ಮನ್ ಅಲ್ಲಿನ ಗಿಡಗಳನ್ನು ಒಣಗಿಸಿ, ಸ್ಥಳೀಯರು ಹೇಳಿದ ಹೆಸರಿನ ಸಮೇತ ಸಂಗ್ರಹಿಸಿದ. ಮುಂದೆ ಲೈಡನ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿ, ಅಲ್ಲಿನ ಸಸ್ಯೋದ್ಯಾನದ ಬಗ್ಗೆ 1687ರಲ್ಲಿ ತಂದ ಪುಸ್ತಕದಲ್ಲಿ ಈ ಗಿಡವನ್ನು ಸಿಲೋನಿನವರ ‘ಅಧತೋಡ’ ಎಂದು ದಾಖಲಿಸಿದ. ಅವನ ಒಣಗಿಡಗಳ ಸಂಗ್ರಹ ಕೈಗೆ ಬಂದಾಗ ಸಸ್ಯಶಾಸ್ತ್ರಜ್ಞ ಲಿನೇಯಸ್ 1747ರಲ್ಲಿ ‘ಫ್ಲೋರಾ ಝೇಲಾನಿಕಾ’ ಬರೆದ. 1753ರ ‘ಸ್ಪೀಶೀಸ್ ಪ್ಲಾಂಟಾರಂ’ನಲ್ಲಿ ಗಿಡಕ್ಕೆ ‘ಜಸ್ಟಿಸಿಯಾ ಅಧತೋಡ’ ಎಂದು ಎರಡು ಪದದ ಹೆಸರು ಕೊಟ್ಟ. ಮೊದಲ ಪದ ಸ್ಕಾಟ್ಲೆಂಡಿನ ತೋಟಗಾರ ಜೇಮ್ಸ್ ಜಸ್ಟಿಸ್‌ನ ನೆನಪಿಗೆ. ಎರಡನೆಯದು ನಮ್ಮ ಆಡು. ಅಂದಹಾಗೆ, ಕನಕಾಂಬರವನ್ನೂ ಲಿನೇಯಸ್ 1759ರಲ್ಲಿ ಇದೇ ಜಸ್ಟಿಸಿಯಾ ಗುಂಪಿಗೇ ಸೇರಿಸಿದ್ದ. ಆಮೇಲೆ ಅದು ಬೇರೆಯಾಗಿ ಕ್ರಾಸಾಂಡ್ರಾ ಆಯಿತು. ಎರಡೂ ಇಂದಿಗೂ ಒಂದೇ ಕುಟುಂಬದವು.

1832ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ನೀಸ್ ಇದಕ್ಕೆ ‘ಅಧತೋಡ ವಾಸಿಕ’ ಎಂಬ ಹೆಸರು ಕೊಟ್ಟ. ಈಗಿನ ಸಸ್ಯಶಾಸ್ತ್ರ ಲಿನೇಯಸ್‌ನ ಹೆಸರಿಗೇ ಮರಳಿದೆ; ಆದರೂ ಹಳೆಯ ಔಷಧ ಗ್ರಂಥಗಳಲ್ಲೆಲ್ಲ ಕಾಣುವ ಈ ಹೆಸರನ್ನು ಬಿಡಲು ನನಗೆ ಮನಸ್ಸಿಲ್ಲ. ಮೇಕೆ ಕಾಯುವವರ ‘ಆಡಾತೊಡೈ’ಯೂ ವೈದ್ಯರ ‘ವಾಸಾ’ವೂ ಪಕ್ಕಪಕ್ಕ ನಿಂತದ್ದು ಅಲ್ಲಿ ಮಾತ್ರ. ಹೊಲದ ಜ್ಞಾನವನ್ನೂ ಗ್ರಂಥದ ಜ್ಞಾನವನ್ನೂ ಒಂದೇ ಉಸಿರಿನಲ್ಲಿ ಹೇಳುವ ಹೆಸರುಗಳು ಎಷ್ಟಿವೆ?

ಅಲ್ಲಿಂದ ಮುಂದೆ ‘ವಾಸಾ’ ಒಂಟಿಯಾಗಿ ನಡೆಯಿತು. ಮೈಸೂರಿನಿಂದ ಬಂಡೀಪುರ ದಾಟಿ ಘಾಟಿ ಹತ್ತಿದರೆ ಸಿಗುವ ಊಟಿಯಲ್ಲಿ ಮದರಾಸು ಸರ್ಕಾರದ ಸಿಂಕೋನಾ ರಸಾಯನತಜ್ಞನಾಗಿದ್ದ ಡೇವಿಡ್ ಹೂಪರ್ 1888ರಲ್ಲಿ ಈ ಎಲೆಯ ಆಲ್ಕಲಾಯ್ಡ್ ಬಗ್ಗೆ ಬರೆದು ಅದನ್ನು ‘ವಾಸಿಸಿನ್’ ಎಂದು ಕರೆದ. ಎಲೆಯ ಕಹಿ ಇಂಥ ಆಲ್ಕಲಾಯ್ಡುಗಳದೇ. ಆಡು ಮೂಸಿ ಬಿಟ್ಟದ್ದನ್ನು ರಸಾಯನಶಾಸ್ತ್ರ ಬಾಟಲಿಗೆ ಹಾಕಿ ಹೆಸರಿಟ್ಟಿತು. ಮುಂದೆ ವಾಸಿಸಿನ್ನಿನ ರಚನೆಯಿಂದ ಹೊರಟು ಜರ್ಮನಿಯ ಬೋರಿಂಗರ್ ಇಂಗಲ್‌ಹೈಮ್ ಕಂಪನಿ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧ ತಯಾರಿಸಿತು. 1963ರಲ್ಲಿ ಅದು ಮಾರುಕಟ್ಟೆಗೆ ಬಂತು. ಬ್ರೋಮ್‌ಹೆಕ್ಸಿನ್ ನಮ್ಮ ದೇಹದೊಳಗೆ ಮಾರ್ಪಟ್ಟಾಗ ಸಿಗುವುದು ಆಂಬ್ರಾಕ್ಸಾಲ್. ಆಮೇಲೆ ಅದೂ ಬೇರೆಯೇ ಔಷಧವಾಯಿತು. ಕುವೆಂಪುನಗರದ ಯಾವುದೇ ಮೆಡಿಕಲ್ ಶಾಪಿನಲ್ಲಿ ಕೆಮ್ಮಿನ ಸಿರಪ್ ತೆಗೆದುಕೊಂಡು ಲೇಬಲ್ ತಿರುಗಿಸಿ ನೋಡಿ. ಈ ಎರಡರಲ್ಲಿ ಒಂದು ಆಗಾಗ ಕಣ್ಣಿಗೆ ಬೀಳುತ್ತದೆ. ಆದರೆ ಆ ಅಕ್ಷರಗಳಲ್ಲಿ ಆಡೂ ಇಲ್ಲ, ವಾಸಾವೂ ಇಲ್ಲ. ಗಿಡ ಬಾಟಲಿಗೆ ಬಂದಿದೆ, ಹೆಸರು ಹೊರಗೇ ಉಳಿದಿದೆ.

ನಮ್ಮಲ್ಲಿ ಹೆಸರು ಮಾಯವಾಗಲು ಸಿರಪ್ಪಿಗಿಂತ ದೊಡ್ಡ ಕಾರಣ ಕಾಂಪೌಂಡು ಗೋಡೆ. ದಟ್ಟಗಳ್ಳಿಯ ‘ಗಳ್ಳಿ’ಯೊಳಗೆ ಹಳ್ಳಿ ಅಡಗಿದೆ, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿಗಳಲ್ಲೂ ಹಾಗೇ. ಇವೆಲ್ಲ ಊರಾಚೆಯ ಹಳ್ಳಿಗಳಾಗಿದ್ದು ಮೈಸೂರು ಬೆಳೆದಂತೆ ಅದರೊಳಗೆ ಸೇರಿದವು. ಈ ಸೀಮೆಯ ಹೊಲಗಳಿಗೆ ಕಳ್ಳಿ, ಲಕ್ಕಿ, ಆಡುಸೋಗೆಯ ಬೇಲಿ ಇರುತ್ತಿತ್ತು. ದನ ತಿನ್ನದ, ಮೇಕೆ ಮುಟ್ಟದ, ನೀರು ಹಾಕದಿದ್ದರೂ ಸಾಯದ ಗಿಡವೇ ಬೇಲಿಗೆ ಬೇಕಾದದ್ದು. ಆ ಅಗತ್ಯವೇ ಹೆಸರಿನಲ್ಲಿ ಕೂತಿದೆ: ‘ಆಡುಮುಟ್ಟದ’ ಎಂಬುದು ಗಿಡದ ವರ್ಣನೆಗಿಂತ ಹೆಚ್ಚಾಗಿ ಬೇಲಿಗೆ ಇದನ್ನೇ ನೆಡು ಎಂಬ ಶಿಫಾರಸು. ‘ಇದನ್ನ ಹಾಕು ಕಣಪ್ಪ, ಆಡು ಬಾಯಿ ಹಾಕಕಿಲ್ಲ’ ಎಂದು ಹಿರಿಯರು ಹೇಳಿದರೆ ಅಲ್ಲಿಗೆ ಗಿಡದ ಹೆಸರೂ ಉಪಯೋಗವೂ ಒಟ್ಟಿಗೆ ಹೇಳಿದಂತಾಯಿತು. ಹೊಲ ಸೈಟಾಯಿತು, ಬೇಲಿ ಇಟ್ಟಿಗೆಯದಾಯಿತು, ಆಡು ಬರುವ ದಾರಿ ಡಾಂಬರು ಕಂಡಿತು. ಆಡು ಮುಟ್ಟದಿರುವುದು ಗುಣ ಎನ್ನಿಸಿಕೊಳ್ಳಲು ಮೊದಲು ಆಡು ಬರಬೇಕಲ್ಲ. ಅದು ಬಾರದ ಬೀದಿಯಲ್ಲಿ ಈ ಹೆಸರು ಮಕ್ಕಳಿಗೆ ಏನನ್ನೂ ಹೇಳುವುದಿಲ್ಲ. ಅದಕ್ಕೇ ಗಿಡವನ್ನು ಮನೆಯ ಪಕ್ಕದ ನೆರಳಿಗೆ ಮರಳಿ ತರುವುದು ನನಗೆ ತೋಟಗಾರಿಕೆಯಷ್ಟೇ ಭಾಷೆಯ ಕೆಲಸವೂ ಆಗಿ ಕಾಣುತ್ತದೆ. ಎಲೆ ಕಿತ್ತು, ಹಿಸುಕಿ, ಆ ಒರಟು ವಾಸನೆ ಮೂಗಿಗೆ ಬಡಿದ ಮಗುವಿಗೆ ಆಡು ಏಕೆ ಮುಟ್ಟಲಿಲ್ಲ ಎಂದು ವಿವರಿಸಬೇಕಾಗಿಲ್ಲ.

ನೆಡುವುದು ಸುಲಭ. ಬೀಜದ ತಂಟೆ ಬೇಡ, ಕಡ್ಡಿಯಿಂದಲೇ ಬರುತ್ತದೆ. ತೀರ ಎಳೆಯದೂ ಅಲ್ಲದ, ಮರದಂತೆ ಬಲಿತದ್ದೂ ಅಲ್ಲದ ಕೊಂಬೆಯಿಂದ ಒಂದು ಗೇಣುದ್ದ ಕತ್ತರಿಸಿ; ಮೂರು–ನಾಲ್ಕು ಗೆಣ್ಣಿರಲಿ. ಗೆಣ್ಣುಗಳು ಊದಿಕೊಂಡಂತಿರುವುದರಿಂದ ಗುರುತಿಸುವುದು ಕಷ್ಟವಲ್ಲ. ಕೆಳಗಿನ ಎಲೆ ತೆಗೆದು ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ, ನೆರಳಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ ಕೆಲವೇ ವಾರಗಳಲ್ಲಿ ಚಿಗುರು ಬರುತ್ತದೆ. ಮೇ ತಿಂಗಳ ಮಳೆ ಬಿದ್ದ ಮೇಲೆ ಮಾಡಿದರೆ ಅರ್ಧ ಕೆಲಸ ಆಕಾಶವೇ ಮಾಡುತ್ತದೆ.

ನಮ್ಮ ಬಡಾವಣೆಗಳಲ್ಲಿ ತೊಂದರೆ ಗಿಡದ್ದಲ್ಲ, ಮಣ್ಣಿನದು. ಮನೆ ಕಟ್ಟಿ ಮುಗಿದ ಮೇಲೆ ಪಕ್ಕದ ಜಾಗದಲ್ಲಿ ಕೆಂಪು ಮಣ್ಣಿನ ಬದಲು ಇಟ್ಟಿಗೆ ಚೂರು, ಸಿಮೆಂಟು ಗಾರೆ, ಟೈಲ್ಸಿನ ತುಂಡುಗಳೇ ತುಂಬಿರುತ್ತವೆ. ಒಂದೂವರೆ ಅಡಿ ಆಳದವರೆಗೆ ಅದನ್ನು ತೆಗೆದು ಹೊರಗೆ ಹಾಕದೆ ಏನು ನೆಟ್ಟರೂ ಪ್ರಯೋಜನವಿಲ್ಲ. ಒಳ್ಳೆಯ ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಗಿಡದಿಂದ ಗಿಡಕ್ಕೆ ಎರಡಡಿ ಬಿಟ್ಟು ನೆಟ್ಟರೆ ಎರಡನೆಯ ಮಳೆಗಾಲದ ಹೊತ್ತಿಗೆ ಪಕ್ಕದ ಕಿಟಕಿಗೆ ಹಸಿರು ಪರದೆ ಸಿದ್ಧ. ಬೇರು ಹಿಡಿದ ಮೇಲೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಸಾಕು. ಬುಡದಲ್ಲಿ ನೀರು ನಿಲ್ಲಬಾರದು. ಹೂವಿನ ಕಾಲ ಮುಗಿದ ಮೇಲೆ ಸೊಂಟದೆತ್ತರಕ್ಕೆ ಕತ್ತರಿಸಿ. ಹಾಗೇ ಬಿಟ್ಟರೆ ಬುಡ ಬೋಳಾಗಿ ಎಲೆಯೆಲ್ಲ ತಲೆಗೆ ಸೇರಿಕೊಳ್ಳುತ್ತದೆ. ಕತ್ತರಿಸಿದ ಸೊಪ್ಪನ್ನು ಕಸದ ಗಾಡಿಗೆ ಹಾಕುವುದು ಪಾಪದ ಕೆಲಸ. ಪಂಜಾಬಿನ ಕಡೆ ಇದನ್ನು ಭತ್ತದ ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ತುಳಿಯುತ್ತಿದ್ದರು. ನಿಮ್ಮ ತೆಂಗಿನ ಬುಡಕ್ಕೆ ಹಾಕಿ.

ಒಂದು ಎಚ್ಚರಿಕೆ ಉಳಿದಿದೆ. ‘ಆಡುಮುಟ್ಟದ’ ಎಂಬ ವಿಶೇಷಣ ಇನ್ನೊಂದು ಸಸ್ಯಕ್ಕೂ ಇದೆ. ಆಡುಮುಟ್ಟದ ಬಳ್ಳಿ ಎಂಬುದು ಟೈಲೊಫೊರಾ. ಅದನ್ನೂ ಉಬ್ಬಸಕ್ಕೆ ಬಳಸುತ್ತಾರೆ, ಆದರೆ ಪ್ರಮಾಣ ತಪ್ಪಿದರೆ ವಾಂತಿ ಬರಿಸುವ ಸಸ್ಯ ಅದು. ಸುತ್ತಿಕೊಂಡು ಹಬ್ಬುವ ಬಳ್ಳಿ ಅದು. ಆಡುಸೋಗೆ ತನ್ನ ಕಾಲ ಮೇಲೆ ನಿಲ್ಲುವ ಪೊದೆ. ಆದ್ದರಿಂದ ಕಡ್ಡಿ ಕೇಳಲು ಹೋದಾಗ ನರ್ಸರಿಯಲ್ಲಿ ‘ಆಡುಸೋಗೆ’ ಎನ್ನಿ. ಹಳ್ಳಿಯ ಹಿರಿಯರ ಹತ್ತಿರ ಕೇಳುವಾಗ ‘ಆಡುಮುಟ್ಟದ ಸೊಪ್ಪು’ ಎಂದರೂ ನಡೆಯುತ್ತದೆ, ಆದರೆ ಬಳ್ಳಿಯಲ್ಲ, ಬೇಲಿಗೆ ಹಾಕುವ ಬಿಳಿ ಹೂವಿನ ಗಿಡ ಎಂದು ಸೇರಿಸಿ ಹೇಳಿ. ನಿಮ್ಮ ಗಿಡ ಬೆಳೆದು ಪಕ್ಕದ ಮನೆಯವರು ಕಡ್ಡಿ ಕೇಳಿದಾಗಲೂ ಎರಡೂ ಹೆಸರು ಹೇಳಿಯೇ ಕೊಡಿ.